ಮೂಕಪ್ಪ ಸಾರಿದ ಹೊತ್ತು

ಗೋವಿನಕೋವಿಯಿಂದ ನಾಲ್ಕು ಮೈಲಿ ಒಳಗೆ, ಹೊಳೆಯ ಕಡೆಗಿದ್ದ ಒಂದು ಸಣ್ಣ ಊರಿನಲ್ಲಿ ಮೂಕಪ್ಪ ಎಂಬುವನು ಡಂಗುರ ಸಾರುತ್ತಿದ್ದ. ಅವನಪ್ಪ ಸಾರುತ್ತಿದ್ದ, ಅಪ್ಪನ ಅಪ್ಪನೂ ಸಾರುತ್ತಿದ್ದ. ಕೇರಿಯಲ್ಲಿ ಹುಟ್ಟಿದ ತಪ್ಪಿಗೆ ಊರು ಗಂಟುಹಾಕಿದ ಕೆಲಸ ಅದು. ಹೆಸರು ಮೂಕಪ್ಪ, ಕೆಲಸ ಕೂಗುವುದು. "ಮೂಕ ಬಂದ, ಕಿವಿ ಮುಚ್ಕಳ್ರೋ" ಎಂದು ಕಟ್ಟೆಯ ಮೇಲೆ ಕೂತ ಪಡ್ಡೆಗಳು ನಗುತ್ತಿದ್ದರು. ಅವನೂ ನಗುತ್ತಿದ್ದ. ನಗದೆ ಹೋದರೆ ಬಾಳಗೊಡುವ ಊರಲ್ಲ ಅದು.

ಡಂಗುರಕ್ಕೊಂದು ಕಟ್ಟುಪಾಡಿತ್ತು. ಮೊದಲು ಹಲಗೆಗೆ ಮೂರು ಪೆಟ್ಟು. ಆಮೇಲೆ ಯಾರ ಅಪ್ಪಣೆ ಎಂಬುದು, ಆಮೇಲೆ ವಿಷಯ, ಕಡೆಗೆ ದಿನ ಮತ್ತು ಹೊತ್ತು. "ಸೋಮವಾರ ದನ ಬಿಡೋ ಹೊತ್ತಿಗೆ ಕಂದಾಯದೋರು ಬರ್ತಾರೆ", "ನಾಡಿದ್ದು ದೀಪ ಹಚ್ಚೋ ಹೊತ್ತಿಗೆ ಚಾವಡಿಯಾಗೆ ಸಭೆ." ವಿಷಯ ಮರೆತವರಿಗೂ ಹೊತ್ತು ನೆನಪಿರುತ್ತಿತ್ತು. ಹೊತ್ತು ಹೇಳದೆ ಮುಗಿಸಿದರೆ ಜನ ಬಾಗಿಲಲ್ಲೇ ನಿಂತು, "ಯಾವಾಗಲೇ? ಅರ್ಧ ಕೂಗಿ ಎಲ್ಲಿಗೆ ಹೊಂಟೆ?" ಎಂದು ಗದರುತ್ತಿದ್ದರು.

ಮೂಕಪ್ಪ ಏಳನೇ ಇಯತ್ತೆವರೆಗೆ ಓದಿದ್ದ. ತರಗತಿಯ ಬಾಗಿಲ ಹತ್ತಿರ, ಎಲ್ಲರಿಂದ ಒಂದು ಮಾರು ದೂರ ಕೂತು ಓದಿದ್ದ. ಲೆಕ್ಕ ಅವನಿಗೆ ಚೆನ್ನಾಗಿ ಬರುತ್ತಿತ್ತು. ಆ ವಿದ್ಯೆ ಊರಿಗೆ ಬೇಕಾಗಿದ್ದು ಒಂದೇ ಒಂದು ಸಲ. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಜುಲೈನಲ್ಲಿ.

ಅಮೆರಿಕದವರು ಆರು ವರ್ಷದ ಹಿಂದೆ ಎಪ್ಪತ್ತೇಳು ಟನ್ನಿನ ಒಂದು ಮನೆಯನ್ನೇ ಆಕಾಶಕ್ಕೆ ಹಾರಿಸಿದ್ದರು. ಸ್ಕೈಲ್ಯಾಬ್ ಎಂದು ಹೆಸರು. ಮೇಲಕ್ಕೆ ಕಳಿಸುವಾಗ ಇದ್ದ ಬುದ್ಧಿ ಇಳಿಸುವ ವಿಚಾರಕ್ಕೆ ಇರಲಿಲ್ಲ. ಅದೀಗ ತನ್ನಷ್ಟಕ್ಕೆ ತಾನು ಕೆಳಗಿಳಿಯುತ್ತಿತ್ತು. ಯಾವಾಗ, ಎಲ್ಲಿ ಬೀಳುತ್ತದೆಂದು ಹಾರಿಸಿದವರಿಗೇ ಗೊತ್ತಿರಲಿಲ್ಲ. ಇಂಥ ದಿನದಿಂದ ಇಂಥ ದಿನದೊಳಗೆ ಎನ್ನುತ್ತಿದ್ದರು. ಯಾರಾದರೊಬ್ಬ ಮನುಷ್ಯನಿಗೆ ತಗಲುವ ಸಂಭವ ನೂರೈವತ್ತೆರಡರಲ್ಲಿ ಒಂದು ಎಂದೂ ಲೆಕ್ಕ ಹಾಕಿ ಹೇಳಿದ್ದರು. ಹೊನ್ನಾಳಿ ತಾಲ್ಲೂಕಿನ ಕೇರಿಯೊಂದರ ಹೆಂಗಸು ಹೆರಿಗೆಯಲ್ಲಿ ಸಾಯುವ ಸಂಭವ ಎಷ್ಟರಲ್ಲಿ ಒಂದು ಎಂದು ಮಾತ್ರ ಯಾವ ದೇಶದ ಯಾವ ದೊಡ್ಡ ಮನುಷ್ಯನೂ ಲೆಕ್ಕ ಹಾಕಿರಲಿಲ್ಲ.

ಪಂಚಾಯ್ತಿ ಆಫೀಸಿನ ರೇಡಿಯೋ ಈ ಸುದ್ದಿ ಹೇಳುವಾಗ ಮೂಕಪ್ಪ ಮೆಟ್ಟಿಲ ಕೆಳಗೆ ನಿಂತು ಕೇಳುತ್ತಿದ್ದ. ಛೇರ್ಮನ್ ಕೊಟ್ರಬಸಪ್ಪ ಮೇಲೆ ಕುರ್ಚಿಯಲ್ಲಿದ್ದ.

"ಊರಿಗೆಲ್ಲ ಸಾರಲೇ ಮೂಕ."

"ಏನಂತ ಸಾರ್ಲಿ ಬುದ್ಧಿ? ಮಂಗಳವಾರದಿಂದ ಶನಿವಾರದೊಳಗೆ ಬೀಳಬೌದು ಅಂತಾರೆ. ಎಲ್ಲಿ ಅಂತ ಅವರಿಗೂ ತಿಳೀದಂತೆ."

"ಅದೇನು ಸಾರೋದೇನಲೇ? ಮಂಗಳವಾರದಿಂದ ಶನಿವಾರದೊಳಗೆ ಅಂದ್ರೆ ಜನ ನಿನ್ನ ಮುಖಕ್ಕಲ್ಲ, ನನ್ನ ಮುಖಕ್ಕೆ ಉಗೀತಾರೆ. ಒಂದು ಹೊತ್ತು ಹೇಳು. ಲೆಕ್ಕ ಕಲಿತೀನಿ ಅಂತ ಮೆರೀತೀಯಲ್ಲ, ಹಾಕು ನೋಡನ."

ಮೂಕಪ್ಪ ಲೆಕ್ಕ ಹಾಕಿದ. ಮಂಗಳವಾರದಿಂದ ಶನಿವಾರಕ್ಕೆ ಐದು ದಿನ. ಆ ಐದರ ನಡು ಹಿಡಿದರೆ ಗುರುವಾರ ನಡುಮಧ್ಯಾಹ್ನ. ಹಗ್ಗ ಹಿಡಿದು ಹೊಲದ ನಡುವೆ ಬದು ಹಾಕಿದ ಹಾಗೆ. ಕೊಟ್ರಬಸಪ್ಪ ತೊಡೆ ತಟ್ಟಿಕೊಂಡ. "ಭಲೇ! ನೀನು ಪಂಚಾಂಗದ ಅಯ್ಯ ಆಗಬೇಕಿತ್ತು ಕಣಲೇ!"

ಮೂವತ್ತೆಂಟು ವರ್ಷದ ಬಾಳಿನಲ್ಲಿ ಊರೊಳಗಿನ ಬಾಯಿಂದ ಮೂಕಪ್ಪನಿಗೆ ಬಂದ ಮೊದಲ ಹೊಗಳಿಕೆ ಅದು. ಭಾನುವಾರ ಅವನು ಐದು ಕಡೆ ನಿಂತು ಸಾರಿದ. ರೇಡಿಯೋ ಹೇಳಿದ್ದನ್ನು ಬಿಟ್ಟು, ತಾನು ಹಾಕಿದ ಹೊತ್ತನ್ನು ಸಾರಿದ. ಅಂದಿನಿಂದ ಕಟ್ಟೆಯ ಮೇಲಿನವರು ಅವನನ್ನು ನಿಲ್ಲಿಸಿ ಮಾತಾಡಿಸತೊಡಗಿದರು. "ಏನ್ ಮೂಕಪ್ಪಾ, ಅದೇ ಹೊತ್ತೋ, ಇಲ್ಲ ಜರುಗೈತೋ?" ಎಂದು ಕೇಳುವರು. ಬರಿಯ ಮೂಕನಾಗಿದ್ದವನು ಮೂಕಪ್ಪನಾಗಿದ್ದ. ಇದು ಸುಳ್ಳು ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ಎರಡು ದಿನ ಅವನು ತಲೆಯೆತ್ತಿ ನಡೆದ, ಅದನ್ನು ಬಿಟ್ಟುಕೊಡುವುದು ಅವನ ಕೈಲಾಗಲಿಲ್ಲ.

ಮಂಗಳವಾರ ರೇಡಿಯೋ ಬೇರೆ ಮಾತು ಹೇಳಿತು. ಬುಧವಾರ ಬೆಳಗಿನಿಂದ ಗುರುವಾರ ಬೆಳಗಿನೊಳಗೆ ಎಂದಿತು. ಮೂಕಪ್ಪ ಮತ್ತೆ ನಡು ಹಿಡಿದ. "ಬುಧವಾರ ದೀಪ ಹಚ್ಚೋ ಹೊತ್ತಿಗೆ!" ಎಂದು ಸಾರಿದ.

ಗುರುವಾರ ಬರಬೇಕಾದದ್ದು ಬುಧವಾರಕ್ಕೆ ಬಂತಲ್ಲ, ಊರು ಬೆದರಿತು. ಇಂಥದ್ದಕ್ಕೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಆಕಾಶದಲ್ಲಿ ಹೊತ್ತಿಗೆ ಸರಿಯಾಗಿ ನಡೆಯುವಂಥದ್ದು ಅವರು ಕಂಡಂತೆ ಒಂದೇ, ಗ್ರಹಣ. ಆದ್ದರಿಂದ ಗ್ರಹಣದ ಕಟ್ಟುನಿಟ್ಟು ಎಲ್ಲ ಸ್ಕೈಲ್ಯಾಬಿಗೂ ಬಂತು. ಕೊಡದ ನೀರು ಚೆಲ್ಲಿದರು. ಉಪ್ಪಿನಕಾಯಿ ಜಾಡಿಗೆ ಗರಿಕೆ ಹಾಕಿದರು. ಬಿದ್ದು ಮುಗಿದು ತಲೆಗೆ ನೀರು ಹಾಕಿಕೊಳ್ಳುವವರೆಗೆ ಯಾರೂ ಗಾಡಿ ಹೂಡಬಾರದು, ಊರ ಗಡಿ ದಾಟಬಾರದು ಎಂದು ಕೊಟ್ರಬಸಪ್ಪ ಅಪ್ಪಣೆ ಮಾಡಿದ. ಅದನ್ನೂ ಮೂಕಪ್ಪನೇ ಸಾರಿದ. ಬಸುರಿಯರನ್ನು ಕತ್ತಲೆ ಕೋಣೆಗೆ ಹಾಕಿ, ಕಿಂಡಿಗೆ ಗೋಣಿಚೀಲ ತುರುಕಿದರು.

ಮೂಕಪ್ಪನ ಗುಡಿಸಲಲ್ಲೂ ಒಬ್ಬಳು ಬಸುರಿಯಿದ್ದಳು. ಒಬ್ಬಳೇ ಮಗಳು ಅಂಜಮ್ಮ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿ ಉಡಚಮ್ಮ ಅವಳನ್ನು ಒಲೆಯ ಹಿಂದಿನ ಮೂಲೆಯಲ್ಲಿ ಕೂರಿಸಿ ಕಂಬಳಿ ಇಳಿಬಿಟ್ಟಳು.

"ಅಪ್ಪಾ, ಉಸಿರು ಕಟ್ತೈತೆ. ಒಂದಿಷ್ಟು ಕಂಬಳಿ ಎತ್ತಾಕೆ ಹೇಳು."

"ನಾನೇ ಸಾರಿ ಬಂದೀನಿ, ನನ್ನ ಮನೆಯಾಗೇ ಎತ್ತಿದ್ರೆ ಊರೋರು ಸುಮ್ಕಿರ್ತಾರೇನವ್ವ? ನಾಳೆ ಸಂಜೀಗೆ ಮುಗೀತೈತೆ, ತಡಕ."

ಬುಧವಾರ ಕೋಳಿ ಕೂಗುವಾಗ ಅಂಜಮ್ಮನಿಗೆ ನೋವು ಬಂತು. ಸೂಲಗಿತ್ತಿ ಕೊಲ್ಲಾಪುರಮ್ಮ ಕೇರಿಯವಳೇ. ಯಾರಿಗೂ ಕಾಯದೆ ಬಂದಳು, ಕೈಯಿಟ್ಟು ನೋಡಿದಳು, ಹೊರಗೆ ಬಂದು ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು.

"ಕೂಸು ಅಡ್ಡ ತಿರುಗೈತೆ ಕಣಣ್ಣ. ನನ್ನ ಕೈಲಿ ಆಗಾಕಿಲ್ಲ. ಹೊನ್ನಾಳಿ ಆಸ್ಪತ್ರೆಗೆ ಒಯ್ಯಿ. ಈಗ್ಲೇ ಒಯ್ಯಿ, ಮಧ್ಯಾಹ್ನ ಆದ್ಮೇಲೆ ಬೇಡ."

ಆ ವಾರ ಮಳೆಗೆ ದಾರಿ ಕೆಸರಾಗಿತ್ತು. ಹೊನ್ನಾಳಿಯಿಂದ ಬರುವ ಬಸ್ಸು ಗೋವಿನಕೋವಿಗೇ ನಿಂತು ಹಿಂದಿರುಗುತ್ತಿತ್ತು. ನಾಲ್ಕು ಮೈಲಿ ಕೆಸರು ದಾಟಬೇಕಾದರೆ ಗಾಡಿ ಬೇಕು. ಕೇರಿಯಲ್ಲಿ ಗಾಡಿ ಇಲ್ಲ. ಊರೊಳಗೆ ಹದಿನೆಂಟು ಗಾಡಿಗಳಿದ್ದವು, ಕೊಟ್ರಬಸಪ್ಪನ ಅಂಗಳದಲ್ಲಿ ಟ್ರ್ಯಾಕ್ಟರೂ ಇತ್ತು. ಮೂಕಪ್ಪ ಅಲ್ಲಿಗೇ ಓಡಿದ. ಅಂಗಳದ ಹೊರಗೆ ನಿಂತು ಕೂಗಿದ.

"ಬುದ್ಧಿ, ನಮ್ಮ ಅಂಜಿಗೆ ಕೂಸು ಅಡ್ಡ ಬಂದೈತೆ. ಗೋವಿನಕೋವಿ ತನಕ ಟ್ರ್ಯಾಕ್ಟರ್ ಕಳಿಸ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಇವತ್ತೇನಲೇ? ಗಡಿ ದಾಟಬಾರದು ಅಂತ ನೀನೇ ಸಾರಿ ಬಂದೀಯ."

"ಸಾರಿದ್ದು ದಿಟ ಬುದ್ಧಿ. ಆ ಹೊತ್ತು ನಾನು ಹಾಕಿದ್ದು. ರೇಡಿಯೋದೋರು ಹೊತ್ತು ಹೇಳೇ ಇಲ್ಲ. ಇವತ್ತು ಬೀಳಬೌದು, ನಾಳೆ ಬೀಳಬೌದು, ಇಲ್ಲಿ ಬೀಳದೇನೂ ಇರಬೌದು. ನಾನು ನಡು ಹಿಡಿದು ಹೇಳ್ದೆ, ನಿಮ್ಮೆದುರಿಗೇ ಹೇಳ್ದೆ."

ಕೊಟ್ರಬಸಪ್ಪ ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಂಡ. ಅವನಿಗೆ ನೆನಪಿತ್ತು. ಚೆನ್ನಾಗೇ ನೆನಪಿತ್ತು. ಆದರೆ ಅಂಗಳದಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು.

"ಹಂಗಾರೆ ಮೂರು ದಿನದಿಂದ ಪಂಚಾಯ್ತಿ ಹೆಸರು ಹೇಳಿ ಊರಿಗೆ ಸುಳ್ಳು ಕೂಗಿದೀಯ ಅನ್ನು. ಅದಕ್ಕೆ ಆಮೇಲೆ ನೋಡ್ಕಂತೀನಿ. ಈಗ ಡ್ರೈವರ್‌ಗೂ ಹೆಂಡ್ರು ಮಕ್ಕಳು ಅದಾರೆ. ದೀಪ ಹಚ್ಚೋ ಹೊತ್ತು ಕಳೀಲಿ, ಕಳಿಸ್ತೀನಿ."

ಕೂತಿದ್ದವರಲ್ಲಿ ಒಬ್ಬ ನಕ್ಕ. "ಮಗಳಿಗೆ ನೋವು ಬರೋತನಕ ಹೊತ್ತು ಖರೆ ಇತ್ತು. ಈಗ ಸುಳ್ಳಾತೇನಪ್ಪ ಮೂಕಪ್ಪಾ?"

ಮೂಕಪ್ಪ ಗುಡಿಸಲಿಗೆ ಹೋಗಿ ಹಲಗೆ ತಂದ. ಅಪ್ಪಣೆಯಿಲ್ಲದೆ ಆ ಊರಿನಲ್ಲಿ ಹಲಗೆ ಮುಟ್ಟಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಊರ ಅಗಸೆಬಾಗಿಲ ಮುಂದೆ ನಿಂತು ಮೂರು ಪೆಟ್ಟು ಹಾಕಿ ಕೂಗಿದ.

"ಕೇಳ್ರಪ್ಪೋ ಕೇಳ್ರಿ! ನಾನು ಸಾರಿದ ಹೊತ್ತು ಸುಳ್ಳು! ಅದು ಯಾವಾಗ ಬೀಳ್ತೈತೋ ಯಾರಿಗೂ ಗೊತ್ತಿಲ್ಲ! ಅಮೆರಿಕದೋರಿಗೂ ಗೊತ್ತಿಲ್ಲ! ನನ್ನ ಮಗಳು ಸಾಯ್ತಾ ಅದಾಳೆ, ಗಾಡಿ ಇದ್ದೋರು ಬರ್ರೀ!"

ಬಾಗಿಲುಗಳು ಒಂದು ಚೂರು ತೆರೆದವು. ಒಬ್ಬ ಮುದುಕಿ ಒಳಗಿನಿಂದಲೇ, "ಯಾವಾಗ ಅಂದ?" ಎಂದಳು. "ಗೊತ್ತಿಲ್ಲ ಅಂತಾನೆ" ಎಂದಿತು ಇನ್ನೊಂದು ದನಿ. "ಗೊತ್ತಿಲ್ಲದಿದ್ರೆ ಯಾಕೆ ಕೂಗ್ತಾನೆ?" ಬಾಗಿಲುಗಳು ಮುಚ್ಚಿದವು. ಐದೂ ಕಡೆ ಇದೇ ಆಯಿತು. ಕೈಮುಗಿದು ಕೂಗಿದ, ಹಣೆ ಚಚ್ಚಿಕೊಂಡು ಕೂಗಿದ. ನಿನ್ನೆ ಇವನು ಸುಳ್ಳು ಹೇಳಿದಾಗ ನೀರಿನ ಕೊಡ ಚೆಲ್ಲಿದ್ದ ಜನ, ಇವತ್ತು ನಿಜ ಹೇಳಿದರೆ ಅಗಳಿ ಹಾಕಿಕೊಂಡರು. ನಿನ್ನೆಯ ಬಾಯಿ ಪಂಚಾಯ್ತಿಯದಾಗಿತ್ತು. ಇವತ್ತಿನದು ಗಾಡಿ ಬೇಡುವ ಬಾಯಿ.

ಹೀಗೆ ಹೊತ್ತು ನೆತ್ತಿಗೆ ಬಂತು. ಕೊಲ್ಲಾಪುರಮ್ಮ ಮೂಕಪ್ಪನ ಕೈಯಿಂದ ಹಲಗೆ ಕಿತ್ತು ಬಿಸಾಕಿ, "ಕೂಗಿದ್ದು ಸಾಕು, ಹೊರು" ಎಂದಳು. ಕೇರಿಯ ಮೂವರು ಗಂಡಸರು ಬಂದರು. ಕಂಬಳಿಯ ನಾಲ್ಕು ತುದಿ ಹಿಡಿದು ಅಂಜಮ್ಮನನ್ನು ಹೊತ್ತರು. ಉಡಚಮ್ಮ ಪಕ್ಕದಲ್ಲಿ ನಡೆಯುತ್ತ ಮಗಳ ಮುಖಕ್ಕೆ ಮಳೆಹನಿ ಬೀಳದ ಹಾಗೆ ಮೊರ ಹಿಡಿದಿದ್ದಳು. ಕೆಸರು ಮೊಣಕಾಲುದ್ದ. ನೂರು ಹೆಜ್ಜೆಗೊಮ್ಮೆ ಇಳಿಸಬೇಕಾಯಿತು. ಎರಡನೇ ಮೈಲಿಕಲ್ಲಿನ ತನಕ ಅಂಜಮ್ಮ ಅವ್ವನನ್ನು ಕರೆಯುತ್ತಿದ್ದಳು. ಆಮೇಲೆ ಹೊತ್ತವರಿಗೆ ಕಂಬಳಿ ಒಮ್ಮೆಲೇ ಭಾರವಾಯಿತು. ಏನಾಯಿತೆಂದು ನಾಲ್ವರಿಗೂ ಗೊತ್ತಾಯಿತು. ಗೋವಿನಕೋವಿ ಕಾಣುವವರೆಗೆ ಹಾಗೆಯೇ ನಡೆದರು. ಹೊಟ್ಟೆಯೊಳಗಿನ ಕೂಸು ಹೊರಗೆ ಬರಲೇ ಇಲ್ಲ.

ಮೂಕಪ್ಪ ಸಾರಿದ ದೀಪ ಹಚ್ಚುವ ಹೊತ್ತು ಬಂತು, ಹೋಯಿತು. ಏನೂ ಬೀಳಲಿಲ್ಲ. ಸ್ಕೈಲ್ಯಾಬ್ ಬಿದ್ದದ್ದು ಅದಾಗಿ ಮೂರು ತಾಸಿಗೆ, ಹಿಂದೂ ಮಹಾಸಾಗರದಲ್ಲಿ ಮತ್ತು ಆಸ್ಟ್ರೇಲಿಯಾದ ಒಂದು ಮೂಲೆಯಲ್ಲಿ. ಯಾರಿಗೂ ಪ್ರಾಣಾಪಾಯವಾಗಿಲ್ಲ ಎಂದು ರೇಡಿಯೋ ಹೇಳಿತು. ಗುರುವಾರ ಬೆಳಿಗ್ಗೆ ಕೊಟ್ರಬಸಪ್ಪನ ಟ್ರ್ಯಾಕ್ಟರ್ ಕೇರಿಯ ಬಾಯಿಗೆ ಬಂದು ನಿಂತಿತು. ಮಾತಿಗೆ ತಪ್ಪಲಿಲ್ಲ ಎಂದು ಊರು ಅವನನ್ನು ಹೊಗಳಿತು. ಆ ಟ್ರ್ಯಾಕ್ಟರನ್ನು ಯಾರೂ ಹತ್ತಲಿಲ್ಲ.

ತಿಥಿ ಮುಗಿದ ಮೇಲೆ ಗಂಡಹೆಂಡತಿ ಊರು ಬಿಟ್ಟು ಉಡಚಮ್ಮನ ತವರಾದ ಜಗಳೂರಿಗೆ ಹೋದರು. ಮೂಕಪ್ಪ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯುವ ಗ್ಯಾಂಗಿಗೆ ಸೇರಿದ. ಮರುವರ್ಷದ ಫೆಬ್ರವರಿಯಲ್ಲಿ ಸೂರ್ಯಗ್ರಹಣವಾಯಿತು. ಪಂಚಾಂಗದಲ್ಲಿ ಬರೆದಿದ್ದ ಗಳಿಗೆಗೇ ಹಿಡಿಯಿತು, ಬರೆದಿದ್ದ ಗಳಿಗೆಗೇ ಬಿಟ್ಟಿತು. ಮೂಕಪ್ಪನಿಗೆ ತಡೆಯಲಾಗಲಿಲ್ಲ. ಶಾಲೆಯ ಉಚ್ಚಂಗೆಪ್ಪ ಮೇಷ್ಟ್ರ ಮನೆಗೆ ಹೋಗಿ ಬಾಗಿಲಲ್ಲಿ ನಿಂತ.

"ಮೇಷ್ಟ್ರೇ, ಸೂರ್ಯ ಚಂದ್ರರದು ನಿಮಿಷ ತಪ್ಪಲ್ಲ. ಮನುಷ್ಯನೇ ಮಾಡಿದ್ದಕ್ಕೆ ಹೊತ್ತು ಯಾಕೆ ಸಿಗಲ್ಲ?"

ಮೇಷ್ಟ್ರು ಅವನನ್ನು ಒಳಗೆ ಕರೆದು ಚಾಪೆ ಹಾಕಿ ಹೇಳಿದರು. "ನೋಡಪ್ಪ, ಚಂದ್ರನ ದಾರಿಯಾಗೆ ಗಾಳಿ ಇಲ್ಲ, ತಡೆಯೋರಿಲ್ಲ. ಇದು ತಿರುಗೋದು ಗಾಳಿಯ ಮೇಲಿನ ಕೆನೆಯಾಗೆ. ಸೂರ್ಯ ಕೆರಳಿದ ದಿನ ಆ ಗಾಳಿ ಹಾಲು ಉಕ್ಕಿದಂಗೆ ಉಬ್ಬಿ ಬರ್ತೈತೆ, ಬೇಗ ಎಳ್ಕಂತೈತೆ. ತಣ್ಣಗಿದ್ರೆ ಬಿಡ್ತೈತೆ. ಸೂರ್ಯ ನಾಳೆ ಎಷ್ಟು ಕೆರಳ್ತಾನೆ ಅಂತ ಇವತ್ತು ಯಾರು ಹೇಳ್ತಾರೆ? ಅದು ಉರುಳಾಡ್ತಾ ಬಂದ್ರೆ ಒಂದು ಲೆಕ್ಕ, ನೆಟ್ಟಗೆ ಬಂದ್ರೆ ಇನ್ನೊಂದು ಲೆಕ್ಕ. ಒಂದೂವರೆ ಗಂಟೆಗೆ ಭೂಮಿನೇ ಒಂದು ಸುತ್ತು ಹಾಕ್ತೈತೆ. ಒಂದು ನಿಮಿಷ ತಪ್ಪಿದ್ರೆ ಹೊನ್ನಾಳಿಗೆ ಬೀಳೋದು ಹೈದರಾಬಾದಿಗೆ ಬೀಳ್ತೈತೆ."

"ನಾನು ಮೂರು ಗಂಟೆ ತಪ್ಪಿದೆ" ಎಂದ ಮೂಕಪ್ಪ.

"ಯಾತಕ್ಕೆ ತಪ್ಪಿದೆ?"

ಅವನು ಚಾಪೆಯಿಂದೆದ್ದು ಕೈಮುಗಿದು ಹೊರಟ. ಆಮೇಲೆ ಮೂರು ವರ್ಷ ಅವನು ಯಾರಿಗೂ ಯಾವುದಕ್ಕೂ ಹೊತ್ತು ಹೇಳಲಿಲ್ಲ. ಬಸ್ಸು ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳಿದರೂ ಗೊತ್ತಿಲ್ಲ ಎನ್ನುತ್ತಿದ್ದ. ಜಗಳೂರಿನವರು ಅವನನ್ನು ಅರೆಹುಚ್ಚ ಎಂದುಕೊಂಡರು.

ಎಂಬತ್ತಮೂರರ ಜನವರಿಯಲ್ಲಿ ಗ್ಯಾಂಗು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಹತ್ತಿರ ಬೀಡುಬಿಟ್ಟಿತ್ತು. ಈ ಸಲದ ಸರದಿ ರಷ್ಯಾದವರದು. ಹೊಟ್ಟೆಯಲ್ಲಿ ಅಣುವಿನ ಒಲೆ ಇಟ್ಟುಕೊಂಡ ಉಪಗ್ರಹವೊಂದು ಕೆಟ್ಟು ಇಳಿಯುತ್ತಿತ್ತು. ಸಂತೆಯ ದಿನ ಮೂಕಪ್ಪ ಉಪ್ಪು ಮೆಣಸಿನಕಾಯಿ ತರಲು ಹೋದಾಗ, ಒಬ್ಬ ತಾಯಿತ ಮಾರುವವನು ಹಲಗೆ ಬಡಿಯುತ್ತ ಕೂಗುತ್ತಿದ್ದ. "ಇವತ್ತು ಸಂಜೆ ಐದು ಗಂಟೆಗೆ ಸರಿಯಾಗಿ! ಬಸುರೀರು ಬಾಣಂತೀರು ಬಿಸಿಲಿಗೆ ಬೀಳಬ್ಯಾಡ್ರಿ! ತಾಯಿತ ಕಟ್ಕಳ್ರಿ, ಒಳಗೆ ಹೋಗ್ರಿ!"

ಜನ ಮುತ್ತಿಕೊಂಡಿದ್ದರು. ಅವರ ನಡುವೆ ಸಿದ್ದಲಿಂಗಮ್ಮ ಎಂಬ ಹೆಂಗಸು ತುಂಬುಬಸುರಿ ಸೊಸೆಯ ರಟ್ಟೆ ಹಿಡಿದು ನಿಂತಿದ್ದಳು. ಸೊಸೆಯ ಮುಖ ಬಾತಿತ್ತು, ಕಾಲು ಬಾತು ಚಪ್ಪಲಿ ಸೇರದೆ ಕೈಯಲ್ಲಿ ಹಿಡಿದಿದ್ದಳು.

"ಅತ್ತೇ, ಇವತ್ತೇ ಬಂದು ಸೇರ್ಕ ಅಂದಾರೆ ಡಾಕ್ಟರಮ್ಮ. ಚನ್ನಗಿರಿ ಬಸ್ಸು ನಿಂತೈತೆ, ಹೋಗನ ಬರ್ರಿ."

"ಕೇಳಿಸಲಿಲ್ಲೇನೇ? ಐದು ಗಂಟೆಗಂತೆ. ದಾರಿಯಾಗೆ ಏನಾರ ಆದ್ರೆ ನನ್ನ ಮಗನಿಗೆ ಯಾರು ಜವಾಬು ಹೇಳ್ತಾರೆ? ನಾಳೆ ನೋಡನ. ನಡಿ ಮನೀಗೆ."

ಮೂಕಪ್ಪ ಅಡ್ಡ ಬಂದ. "ಅವ್ವಾರೆ, ಅವನು ಹೇಳೋದು ಸುಳ್ಳು. ಅದು ಯಾವಾಗ ಬೀಳ್ತೈತೋ ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಗೆ ಹೋಗ್ರಿ."

"ಗೊತ್ತಿಲ್ಲ ಅಂದ್ಮೇಲೆ ನೀನ್ಯಾಕಪ್ಪ ಹೇಳಾಕೆ ಬಂದೆ? ಗೊತ್ತಿದ್ದೋನು ಅಲ್ಲಿ ಹೇಳ್ತಾ ಅದಾನೆ" ಎಂದು ಸಿದ್ದಲಿಂಗಮ್ಮ ಸೊಸೆಯನ್ನು ಎಳೆದಳು.

ಮೂಕಪ್ಪ ಆ ಸೊಸೆಯ ಬಾತ ಕಾಲನ್ನು ನೋಡಿದ. ತಾಯಿತದವನ ಹತ್ತಿರ ಹೋಗಿ ಹಲಗೆ ಕಸಿದುಕೊಂಡ. ಮೂರು ಪೆಟ್ಟು ಹಾಕಿದ. ಮೂರೂವರೆ ವರ್ಷ ಕೂಗದ ಗಂಟಲು ಸಂತೆಯ ಆ ತುದಿಗೆ ಮುಟ್ಟಿತು.

"ಕೇಳ್ರಪ್ಪೋ ಕೇಳ್ರಿ! ರಷ್ಯಾದ ಸಾಮಾನು ಇವತ್ತು ಮುಂಜಾನೆ ಎಂಟು ಗಂಟೆಗೆ ಸಮುದ್ರದಾಗೆ ಬಿತ್ತು! ರೇಡಿಯೋದಾಗೆ ಬಂದೈತೆ! ಬಿದ್ದು ಮುಗೀತು, ಎಲ್ರೂ ನಿಮ್ಮ ನಿಮ್ಮ ಕೆಲಸಕ್ಕೆ ಹೋಗ್ರಪ್ಪೋ!"

ಯಾವ ರೇಡಿಯೋ ಎಂದು ಒಬ್ಬರೂ ಕೇಳಲಿಲ್ಲ. ಒಬ್ಬ ತಾಯಿತದವನ ಮುಂಡಾಸು ಹಾರಿಸಿದ, ಉಳಿದವರು ಕೇಕೆ ಹಾಕಿದರು. "ಬಿತ್ತೇನಪ್ಪಾ? ದಿಟ?" ಎಂದಳು ಸಿದ್ದಲಿಂಗಮ್ಮ. "ಎಂಟು ಗಂಟೆಗೇ ಬಿತ್ತವ್ವಾ. ಬಸ್ ಹೊಂಡ್ತೈತೆ, ಓಡ್ರಿ." ಅತ್ತೆ ಸೊಸೆಯ ಕೈಚೀಲ ಹೆಗಲಿಗೇರಿಸಿದಳು. ಇಬ್ಬರೂ ಬಸ್ಸು ಹತ್ತುವುದನ್ನು ಮೂಕಪ್ಪ ನೋಡಿದ. ಆಮೇಲೆ ಆ ಹೆಣ್ಣು ಏನಾದಳೋ ಅವನಿಗೆ ತಿಳಿಯಲಿಲ್ಲ.

ಸಾಮಾನು ಇನ್ನೂ ಮೇಲೆಯೇ ತಿರುಗುತ್ತಿತ್ತು. ಅದು ನಿಜವಾಗಿ ಬೀಳುವವರೆಗೆ ಮೂಕಪ್ಪನಿಗೆ ಅದೇ ಚಿಂತೆ. ಆ ಬಸ್ಸಿನ ಮೇಲೆಯೇ, ಆ ಆಸ್ಪತ್ರೆಯ ಮೇಲೆಯೇ ಬಿದ್ದರೆ ಏನು ಗತಿ ಎಂದು ಜಲ್ಲಿ ಒಡೆಯುವಾಗಲೂ ತಲೆಯೆತ್ತಿ ನೋಡುತ್ತಿದ್ದ. ಕಡೆಗೆ ಅದೂ ಹಿಂದೂ ಮಹಾಸಾಗರದಲ್ಲೇ ಬಿತ್ತೆಂದು ಹೋಟೆಲಿನ ರೇಡಿಯೋದಲ್ಲಿ ಕೇಳಿದ ದಿನ, ಟೆಂಟಿಗೆ ಬಂದು ಉಡಚಮ್ಮನಿಗೆ ಎಲ್ಲ ಹೇಳಿದ. ಸಂತೆ, ತಾಯಿತದವನು, ಬಾತ ಕಾಲು, ತಾನು ಕೂಗಿದ ಸುಳ್ಳು. ಒಂದು ಜೀವ ಬಸ್ಸು ಹತ್ತಿಸಿದೆ ಎಂಬ ಸಮಾಧಾನ ಅವನ ದನಿಯಲ್ಲಿತ್ತು. ಹೆಂಡತಿ ಒಂದು ಒಳ್ಳೆಯ ಮಾತಾಡಿಯಾಳು ಎಂದು ಕಾದ.

ಉಡಚಮ್ಮ ರೊಟ್ಟಿ ತಟ್ಟುತ್ತಿದ್ದಳು. ಅಂಜಮ್ಮ ಸತ್ತ ಮೇಲೆ ಅವಳು ಆ ದಿನದ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಈಗ ಕೈ ನಿಲ್ಲಿಸಿದಳು.

"ಬಿತ್ತು ಅಂತ ಕೂಗಿದ್ಯಾ?"

"ಹೂಂ."

"ಕೂಗಿದ ತಕ್ಷಣ ನಂಬಿದ್ರಾ?"

"ನಂಬಿದ್ರು. ಒಬ್ರೂ ತಿರುಗಿ ಕೇಳ್ಲಿಲ್ಲ."

"ಅವತ್ತು ಅಗಸೆ ಮುಂದೆ ನಿಂತ್ಕಂಡು ಗೊತ್ತಿಲ್ಲ, ಗೊತ್ತಿಲ್ಲ ಅಂತ ಬಡ್ಕಂಡ್ಯಲ್ಲ" ಎಂದಳು ಉಡಚಮ್ಮ. ದನಿ ಏರಿರಲಿಲ್ಲ. "ಇದೇ ಮಾತು ಅವತ್ತು ಯಾಕೆ ಬರ್ಲಿಲ್ಲ ನಿನ್ನ ಬಾಯಿಗೆ? ಬಿತ್ತು ಅಂದಿದ್ರೆ ಹದಿನೆಂಟು ಗಾಡಿ ಬರ್ತಿದ್ವು."

ಈ ಮೂರೂವರೆ ವರ್ಷದಲ್ಲಿ ಮೂಕಪ್ಪ ಆ ಬುಧವಾರವನ್ನು ಸಾವಿರ ಸಲ ತಿರುವಿಹಾಕಿದ್ದ. ನಡು ಹಿಡಿಯಬಾರದಿತ್ತು, ಹೊಗಳಿಕೆಗೆ ಉಬ್ಬಬಾರದಿತ್ತು, ಕಂಬಳಿ ಎತ್ತಬೇಕಿತ್ತು, ಬೆಳಿಗ್ಗೆಯೇ ಹೊರಬೇಕಿತ್ತು ಎಂದು ಒಂದೊಂದನ್ನೂ ತೂಗಿ ನೋಡಿದ್ದ. ಇದೊಂದು ಅವನಿಗೆ ಹೊಳೆದೇ ಇರಲಿಲ್ಲ. ಆ ದಿನ ಅವನು ಸುಳ್ಳು ಹೇಳಿ ಸಾಕಾಗಿ ನಿಜ ಹೇಳಲು ಹೋಗಿದ್ದ.

ಉಡಚಮ್ಮ ಮತ್ತೆ ಹಿಟ್ಟಿಗೆ ಕೈಹಾಕಿದಳು. ರೊಟ್ಟಿ ಬೇಯಿಸಿ ಅವನ ಮುಂದಿಟ್ಟಳು. ಅವನು ತಿಂದ. ಬೆಳಗಾದರೆ ಇಬ್ಬರೂ ಜಲ್ಲಿಯ ರಾಶಿಯ ಮುಂದೆ ಕೂತಿರುತ್ತಿದ್ದರು. ಹೀಗೆ ಇನ್ನೂ ಐದು ವರ್ಷ ಬದುಕಿ, ಎಂಬತ್ತೆಂಟರ ಬೇಸಿಗೆಯಲ್ಲಿ ಮೂಕಪ್ಪ ಜಗಳೂರಿನಲ್ಲಿ ತೀರಿಕೊಂಡ.